ಕುಕ್ಕರು, ಕಾಯಿತುರಿ ಮತ್ತು ನನ್ನ ನೋಡ್ ಸರ್ವರ್

2017ರ ಮಾತು. ಒಂದು ಕಾಲೇಜಿನ ಫಲಿತಾಂಶದ ಸೈಟನ್ನು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೆ. ಪಿಎಚ್‌ಪಿ ಭಾಷೆ, ಅಪಾಚೆ ವೆಬ್ ಸರ್ವರ್ ತಂತ್ರಾಂಶ, 4 ಜಿಬಿ ಮೆಮೊರಿಯ ಬಾಡಿಗೆ ಸರ್ವರ್. ಹುಡುಗರು ಅಂಕ ನೋಡಿದ ಕೂಡಲೇ ಮನೆಯವರ ಮೊಬೈಲಿಗೆ ಎಸ್‌ಎಂಎಸ್ ಹೋಗಬೇಕಿತ್ತು. ಅದನ್ನು ಕಳಿಸುವ ಹೊರಗಿನ ಸೇವೆ ದಿನಾ ಅರ್ಧ ಸೆಕೆಂಡಿನಲ್ಲಿ ಉತ್ತರ ಕೊಡುತ್ತಿತ್ತು. ಫಲಿತಾಂಶದ ದಿನ 20 ಸೆಕೆಂಡು ತೆಗೆದುಕೊಂಡಿತು. ಸೈಟು ಮಲಗಿತು.

ತಮಾಷೆ ಅಂದ್ರೆ, ಸಿಪಿಯುಗೆ ಕೆಲಸವೇ ಇರಲಿಲ್ಲ! ಅಪಾಚೆಯ ಪ್ರೀಫೋರ್ಕ್ ಪದ್ಧತಿಯಲ್ಲಿ ಒಂದು ರಿಕ್ವೆಸ್ಟಿಗೆ ಒಂದು ಪ್ರೊಸೆಸ್, ಅಂದ್ರೆ ಓಡುತ್ತಿರುವ ಪ್ರೋಗ್ರಾಮಿನ ಒಂದು ಪ್ರತಿ. ಡಿಫಾಲ್ಟ್ ಮಿತಿ 256. ಮೆಮೊರಿ ಸಾಲದೆ ನಾನು 60ಕ್ಕೆ ಇಳಿಸಿದ್ದೆ. ಆ 60 ಪ್ರೊಸೆಸ್‌ಗಳೂ ಎಸ್‌ಎಂಎಸ್ ಉತ್ತರಕ್ಕಾಗಿ ಸುಮ್ನೆ ಕಾದು ನಿಂತಿದ್ದವು. ಬರೀ ಮುಖಪುಟ ಕೇಳಿದವರಿಗೂ ಜಾಗ ಇರಲಿಲ್ಲ.

ನಮ್ಮಮ್ಮ ಹೀಗೆ ಅಡುಗೆ ಮಾಡಿದ್ದರೆ ಮಧ್ಯಾಹ್ನದ ಊಟ ರಾತ್ರಿಗೆ ಸಿಗುತ್ತಿತ್ತು. ಅನ್ನಕ್ಕಿಟ್ಟು ಕುಕ್ಕರಿನ ಮುಂದೆ ಯಾರೂ ನಿಲ್ಲುವುದಿಲ್ಲ. ಅದು ಕೂಗುವವರೆಗೆ ತರಕಾರಿ ಹೆಚ್ಚುತ್ತಾರೆ, ಕೂಗಿದಾಗ ಹೋಗಿ ಒಲೆ ಆರಿಸುತ್ತಾರೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಸರ್ವರ್ ಬರೆಯಲು ಬಳಸುವ ನೋಡ್ (ನೋಡ್.ಜೆಎಸ್) ಮಾಡುವುದೂ ಇದೇ. ಯಾವ ಸಾಕೆಟ್‌ಗೆ (ನೆಟ್‌ವರ್ಕ್ ಸಂಪರ್ಕದ ತುದಿಗೆ) ಉತ್ತರ ಬಂತು ಅಂತ ಲಿನಕ್ಸ್‌ನ ಇಪೋಲ್ ಎಂಬ ಸೌಲಭ್ಯ ಕೂಗಿ ಹೇಳುತ್ತದೆ. ಬಂದ ಕೆಲಸಗಳನ್ನು ಒಂದೊಂದಾಗಿ ಮುಗಿಸುವ ನೋಡ್‌ನ ಈವೆಂಟ್ ಲೂಪ್ ಆಗ ಮಾತ್ರ ಆ ಕಡೆ ತಿರುಗುತ್ತದೆ. ಅದೇ ಅಕ್ಟೋಬರಿನಲ್ಲಿ ನೋಡ್ 8 ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಆಗಿತ್ತು. ಕಾಯುವ ಕೆಲಸವನ್ನೂ ಸಾಲಾಗಿ ಬರೆಯಲು ಬಿಡುವ ಅಸಿಂಕ್-ಅವೇಟ್ ಅದರಲ್ಲಿ ಇದ್ದಿದ್ದರಿಂದ ಕಾಲ್‌ಬ್ಯಾಕ್ (ಉತ್ತರ ಬಂದ ಮೇಲೆ ಓಡುವ ಫಂಕ್ಷನ್) ಒಳಗೆ ಕಾಲ್‌ಬ್ಯಾಕ್ ಬರೆಯುವ ಕಷ್ಟ ತಪ್ಪಿತು. ಎರಡು ತಿಂಗಳು ಕೂತು ಇಡೀ ಸೈಟನ್ನು ಅದರಲ್ಲಿ ಬರೆದೆ. ಎಸ್‌ಎಂಎಸ್ ಸೇವೆಯ ಜಾಗದಲ್ಲಿ ಬೇಕಂತಲೇ 20 ಸೆಕೆಂಡು ತಡ ಮಾಡುವ ನಕಲಿ ಸರ್ವರ್ ಇಟ್ಟು, ಒಂದೇ ಸಲಕ್ಕೆ 1000 ರಿಕ್ವೆಸ್ಟ್ ಹೊಡೆದೆ. ಮುಖಪುಟ ಆರಾಮಾಗಿ ತೆರೆಯಿತು. ಅವತ್ತು ನನಗೆ ಸ್ವಲ್ಪ ಜಾಸ್ತಿಯೇ ಜಂಬ ಬಂತು.

ಮುಂದಿನ ಫಲಿತಾಂಶದ ದಿನ ಬೆಳಗ್ಗೆ 10ಕ್ಕೆ ಸೈಟು ಮತ್ತೆ ನಿಂತಿತು. ಈ ಸಲ ಸಿಪಿಯುವಿನ ಒಂದು ಕೋರ್ ಶೇ. 100ರಲ್ಲಿತ್ತು.

ತಪ್ಪು ನನ್ನದೇ. ಪಾಸ್‌ವರ್ಡ್ ತಾಳೆ ನೋಡಲು ಬಿಕ್ರಿಪ್ಟ್ ಎಂಬ ಪಾಸ್‌ವರ್ಡ್ ಹ್ಯಾಶ್ ಪದ್ಧತಿಯ ಕಂಪೇರ್‌ಸಿಂಕ್ (ತಾಳೆ ಮುಗಿಯುವವರೆಗೆ ಬೇರೇನೂ ಮಾಡಲು ಬಿಡದ ಫಂಕ್ಷನ್) ಬಳಸಿದ್ದೆ. ಕಾಸ್ಟ್ (ಎಷ್ಟು ಲೆಕ್ಕ ಮಾಡಿಸಬೇಕೆಂಬ ಮಟ್ಟ) 12 ಇಟ್ಟಿದ್ದರಿಂದ ನನ್ನ ಸರ್ವರಿನಲ್ಲಿ ಒಂದು ಲಾಗಿನ್‌ಗೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತಿತ್ತು. ಬಿಕ್ರಿಪ್ಟ್ ನಿಧಾನವಾಗಿರುವುದು ಬೇಕಂತಲೇ, ಪಾಸ್‌ವರ್ಡ್ ಊಹಿಸುವವರಿಗೆ ಕಷ್ಟವಾಗಲಿ ಅಂತ. ಆದರೆ ಇದು ಕುಕ್ಕರ್ ಕೆಲಸ ಅಲ್ಲ, ಕಾಯಿ ತುರಿಯುವ ಕೆಲಸ. ಕೈ ಬಿಡುವ ಹಾಗಿಲ್ಲ. ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್ಡಿನಲ್ಲಿ (ಒಬ್ಬನೇ ಕೆಲಸಗಾರ ಇದ್ದ ಹಾಗೆ), ಹಾಗಾಗಿ ಸೆಕೆಂಡಿಗೆ ನಾಲ್ಕೇ ಲಾಗಿನ್. ಆ ಹೊತ್ತಿನಲ್ಲಿ ಎಷ್ಟು ಕುಕ್ಕರ್ ಕೂಗಿದರೂ ಕೇಳುವವರಿಲ್ಲ. ನನ್ನ 1000 ರಿಕ್ವೆಸ್ಟಿನ ಪರೀಕ್ಷೆಯಲ್ಲಿ ಲಾಗಿನ್ನೇ ಇರಲಿಲ್ಲ, ನೋಡಿ!

ಅವಸರದಲ್ಲಿ ಕಂಪೇರ್‌ಸಿಂಕ್ ತೆಗೆದು, ಅವೇಟ್ ಸೇರಿಸಿ ಕಂಪೇರ್ ಹಾಕಿದೆ. ಸೈಟು ಎದ್ದಿತು. ಆದರೆ ಎಸ್‌ಎಂಎಸ್‌ಗಳು ನಿಮಿಷಗಟ್ಟಲೆ ತಡವಾಗತೊಡಗಿದವು. ಆ ಸೇವೆ ಮಾತ್ರ ಅವತ್ತು ಚುರುಕಾಗಿಯೇ ಇತ್ತು. ಪ್ರತಿ 100 ಮಿಲಿಸೆಕೆಂಡಿಗೆ ಒಂದು ಟೈಮರ್ ಇಟ್ಟು, ಅದು ಎಷ್ಟು ತಡವಾಗಿ ಎದ್ದಿತು ಅಂತ ಲಾಗ್ ಮಾಡಿದೆ. ತಡ ಇಲ್ಲವೇ ಇಲ್ಲ. ಲೂಪ್ ಸಲೀಸಾಗಿ ತಿರುಗುತ್ತಿದೆ, ಎಸ್‌ಎಂಎಸ್ ಮಾತ್ರ ಹೋಗುತ್ತಿಲ್ಲ. ತಲೆ ಕೆಟ್ಟುಹೋಯಿತು.

ಕಾರಣ ಸಿಕ್ಕಾಗ ರಾತ್ರಿ ಆಗಿತ್ತು. ಅಸಿಂಕ್ ಕಂಪೇರ್ ಕೆಲಸವನ್ನು ನೋಡ್ ಒಳಗಿನ ಲಿಬ್‌ಯುವಿ ಲೈಬ್ರರಿಯ ಥ್ರೆಡ್ ಪೂಲ್‌ಗೆ ದಾಟಿಸುತ್ತದೆ. ಅಲ್ಲಿ ಡಿಫಾಲ್ಟಾಗಿ ಇರುವುದು 4 ಥ್ರೆಡ್. ಹೊರಗಿನ ಸರ್ವರಿನ ಹೆಸರಿಗೆ ವಿಳಾಸ ಹುಡುಕುವ ಡಿಎನ್‌ಎಸ್ ಲುಕಪ್ ಕೂಡ ಅದೇ 4 ಥ್ರೆಡ್ಡಿನ ಸರದಿಗೆ ಬರುತ್ತದೆ. ಪ್ರತಿ ಎಸ್‌ಎಂಎಸ್ಸೂ ನೂರಾರು ಪಾಸ್‌ವರ್ಡ್‌ಗಳ ಹಿಂದೆ ಕ್ಯೂ ನಿಂತಿತ್ತು! ಆ ಥ್ರೆಡ್‌ಗಳ ಸಂಖ್ಯೆ ಹೇಳುವ ಯುವಿ_ಥ್ರೆಡ್‌ಪೂಲ್_ಸೈಜ್ 16 ಮಾಡಿ ನೋಡಿದೆ. ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಸರ್ವರಿನಲ್ಲಿ ಇದ್ದದ್ದು ಎರಡೇ ಕೋರ್. ಹದಿನಾರು ಜನರನ್ನು ಕೂರಿಸಿದರೂ ತುರಿಮಣೆ ಎರಡೇ, ಅಲ್ವಾ?

ಬಿಕ್ರಿಪ್ಟ್ ಕಾಸ್ಟ್ ಇಳಿಸು ಅಂತ ಗೆಳೆಯನೊಬ್ಬ ಹೇಳಿದ. ಒಂದು ದಿನದ ನೂಕುನುಗ್ಗಲಿಗೆ ವರ್ಷವಿಡೀ ಬೀಗ ಸಡಿಲ ಮಾಡುವುದು ನನಗೆ ಸರಿಕಾಣಲಿಲ್ಲ. ಬದಲಿಗೆ ಎಸ್‌ಎಂಎಸ್ ಕೆಲಸವನ್ನೇ ಬೇರೆ ಮಾಡಿದೆ. ಈಗ ಸೈಟು ಡೇಟಾಬೇಸಿನ ಒಂದು ಟೇಬಲ್ಲಿನಲ್ಲಿ ನಂಬರ್ ಬರೆದಿಟ್ಟು ಮುಂದೆ ಹೋಗುತ್ತದೆ. ಬೇರೊಂದು ಪ್ರೊಸೆಸ್ ಹತ್ತತ್ತಾಗಿ ತೆಗೆದು ಕಳಿಸುತ್ತದೆ. ಲಾಗಿನ್‌ಗೂ ಒಂದು ಪ್ರತ್ಯೇಕ ಪ್ರೊಸೆಸ್ ಇದೆ. ಬಂದವರ ಸೆಶನ್ನನ್ನು 30 ದಿನ ಉಳಿಸುತ್ತೇನೆ. ಹಿಂದಿನ ವಾರ ಹಾಲ್ ಟಿಕೆಟ್ ತೆಗೆಯಲು ಬಂದವರು ಫಲಿತಾಂಶದ ದಿನ ಮತ್ತೆ ಪಾಸ್‌ವರ್ಡ್ ಕೊಡಬೇಕಿಲ್ಲ.

ಆ 100 ಮಿಲಿಸೆಕೆಂಡಿನ ಟೈಮರನ್ನು ಮಾತ್ರ ತೆಗೆದಿಲ್ಲ. ತಡ 200 ದಾಟಿದರೆ ನನ್ನ ಮೊಬೈಲಿಗೇ ಎಸ್‌ಎಂಎಸ್ ಬರುತ್ತದೆ.