ಐಸ್ ಜಾಕೀಟು ತೊಟ್ಟು ನಾನೂರು ಹೋಳಿಗೆ

ಹೋದ ಯುಗಾದಿಗೆ ನಾನು 400 ಹೋಳಿಗೆ ಮಾಡಿದೆ. ಎರಡೇ ದಿನದಲ್ಲಿ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಪುಟ್ಟ ಅಡುಗೆಮನೆಯಲ್ಲಿ, ಹಂಚಿನ ಮುಂದೆ ಕೂತು. ಎಣಿಸಿ ಡಬ್ಬಿಗೆ ಹಾಕಿದವರು ನಮ್ಮತ್ತೆ. "ನಿನ್ನ ಕೈಲೆ ಆಗೂದಿಲ್ಲವ್ವಾ, ಆರ್ಡರ್ ತಗೋಬ್ಯಾಡ" ಅಂದವರೂ ಅವರೇ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ನನಗೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ಇದೆ, ಮೆದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿನ ಹೊದಿಕೆ ಹಾಳಾಗುವ ಕಾಯಿಲೆ. ಇರುವವರಿಗೆ ಅದರ ಬಗ್ಗೆ ಹೇಳಬೇಕಾಗಿಲ್ಲ. ನನಗೆ ಶುರುವಾದದ್ದು 2016ರ ಮಳೆಗಾಲದಲ್ಲಿ, ಎಡಗಣ್ಣಿನಿಂದ. ಒಬ್ಬ ಡಾಕ್ಟರು ಕನ್ನಡಕದ ನಂಬರ್ ಬದಲಿಸಿ ಕಳಿಸಿದರು. ಏಳೆಂಟು ತಿಂಗಳಿಗೆ ಬಲಗಾಲು ಎಳೆಯತೊಡಗಿತು. ಆಮೇಲೆ ಎಂಆರ್‌ಐ, ಐದು ದಿನ ಸ್ಟೆರಾಯ್ಡ್ ಡ್ರಿಪ್. ಈಗ ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್, ಕಾಯಿಲೆಯನ್ನು ಹತೋಟಿಯಲ್ಲಿಡುವ ಔಷಧಿ. ಅದನ್ನು ಒಂದು ಸಲವೂ ತಪ್ಪಿಸಿಲ್ಲ. ನಾನು ಮುಂದೆ ಹೇಳುವುದೆಲ್ಲ ಔಷಧಿಯ ಜೊತೆಗೆ, ಔಷಧಿ ಬಿಟ್ಟಲ್ಲ.

ನನ್ನ ನಿಜವಾದ ತೊಂದರೆ ಸೆಖೆ. ಹೋಳಿಗೆ ನನ್ನ ಕಸುಬು. ಮಾಟುಂಗಾ, ಠಾಣೆ, ಮುಲುಂಡಿನ ಕನ್ನಡದ ಮನೆಗಳಿಗೆ ಕೊಡುತ್ತೇನೆ. ಹಂಚಿನ ಮುಂದೆ ಇಪ್ಪತ್ತನೇ ಹೋಳಿಗೆ ಹೊತ್ತಿಗೆ ಎಡಗಣ್ಣಿಗೆ ಬಣ್ಣವೇ ತೊಳೆದು ಹೋದಂತೆ ಆಗುತ್ತಿತ್ತು. ಹೋಳಿಗೆಯ ಮೇಲಿನ ಕಂದು ಚುಕ್ಕೆ ಬೂದಿ ಬಣ್ಣಕ್ಕೆ ಕಾಣುತ್ತಿತ್ತು. ಬೆಂದಿದೆಯೋ ಸೀದಿದೆಯೋ ವಾಸನೆಯಿಂದಲೇ ತಿಳಿಯಬೇಕು. ಮೂವತ್ತಕ್ಕೆ ಬಲಮೊಣಕಾಲು ಸಡಿಲ. ಫ್ಯಾನಿನ ಕೆಳಗೆ ಮುಕ್ಕಾಲು ತಾಸು ಮಲಗಿದರೆ ಎಲ್ಲ ವಾಪಸ್. ಜರ್ಮನಿಯ ಕಣ್ಣಿನ ಡಾಕ್ಟರ್ ಉಹ್ಟೋಫ್ ಇದನ್ನು 1890ರಲ್ಲೇ ಗುರುತಿಸಿದ್ದರಂತೆ. ಮೈ ಅರ್ಧ ಡಿಗ್ರಿ ಬಿಸಿಯಾದರೂ ಸಾಕು, ಮೇಲಿನ ಹೊದಿಕೆ ಹೋದ ನರದಲ್ಲಿ ಸಂದೇಶ ಸರಿಯಾಗಿ ಸಾಗುವುದಿಲ್ಲ. ಇದರಿಂದ ಹೊಸ ಹಾನಿ ಆಗುವುದಿಲ್ಲ, ತಣ್ಣಗಾದರೆ ಸರಿ ಹೋಗುತ್ತದೆ. ಒಂದು ದಿನ ಕಳೆದರೂ ಸರಿ ಹೋಗದಿದ್ದರೆ ಮಾತ್ರ ಡಾಕ್ಟರಿಗೆ ಫೋನು ಮಾಡುತ್ತೇನೆ.

ಅಂದಮೇಲೆ ಮೈ ಬಿಸಿಯಾಗದ ಹಾಗೆ ನೋಡಿಕೊಂಡರೆ ಆಯ್ತು, ಅಲ್ವಾ? ಇಷ್ಟನ್ನು ಸಾಧಿಸಲು ನನಗೆ ಮೂರು ವರ್ಷ ಬೇಕಾಯಿತು.

ಮೊದಲು ನೀರಲ್ಲಿ ನೆನೆಸಿ ಹಾಕಿಕೊಳ್ಳುವ ಜಾಕೀಟು ತರಿಸಿದೆ. 3,500 ರೂಪಾಯಿ ಹತ್ತಿರ. ಪೂರ್ತಿ ದಂಡ. ನೀರು ಆರಿದರೆ ತಾನೆ ತಂಪು? ಮುಂಬಯಿಯ ಗಾಳಿಯಲ್ಲಿ ಒಗೆದ ಬಟ್ಟೆಯೇ ಆರುವುದಿಲ್ಲ. ಹಸಿ ಬಟ್ಟೆ ಮೈಗಂಟಿ ಇನ್ನೂ ಉಸಿರುಗಟ್ಟಿತು. ಬೇಜಾರಲ್ಲಿ ಬೀರುವಿಗೆ ಎಸೆದಿದ್ದೆ. ಏಪ್ರಿಲಿನಲ್ಲಿ ಪುಣೆಗೆ ನಾದಿನಿ ಮನೆಗೆ ಹೋದಾಗ ಸುಮ್ನೆ ಒಂದು ಸಲ ಹಾಕಿ ನೋಡಿದೆ. ಏನು ತಂಪು ಅಂತೀರಿ! ಅಲ್ಲಿ ಒಣ ಬಿಸಿಲು. ಪುಣೆಯವರು ಬೇಸಿಗೆಗೆ ಧೈರ್ಯವಾಗಿ ಕೊಳ್ಳಿ. ಮುಂಬಯಿ, ಗೋವಾದವರು ದುಡ್ಡು ಉಳಿಸಿಕೊಳ್ಳಿ.

ಆಮೇಲೆ ಫ್ರೀಜರಿನ ಐಸ್ ಪ್ಯಾಕನ್ನೇ ಬೆನ್ನಿಗೆ ಕಟ್ಟಿಕೊಂಡೆ. ಹತ್ತು ನಿಮಿಷಕ್ಕೆ ಚರ್ಮ ಕೆಂಪಾಗಿ ಉರಿಯಿತು, ಕಾಲು ಸೆಟೆದುಕೊಂಡಿತು. ಅತ್ತೆ ನೋಡಿ ಅತ್ತೇಬಿಟ್ಟರು. ವಿದೇಶಿ ಜಾಕೀಟು ವಿಚಾರಿಸಿದರೆ ಕಸ್ಟಮ್ಸ್ ಸೇರಿ 18–19 ಸಾವಿರ. ಅಷ್ಟು ದುಡ್ಡಿಗೆ ಎಷ್ಟು ಹೋಳಿಗೆ ಲಟ್ಟಿಸಬೇಕು!

ಹಾಗಾಗಿ ನಾನೇ ಮಾಡಿದೆ. ಮೆಡಿಕಲ್ ಅಂಗಡಿಗೆ ಇನ್ಸುಲಿನ್ ಬರುವ ಥರ್ಮಾಕೋಲ್ ಡಬ್ಬಿಯಲ್ಲಿ ಜೆಲ್ ಪ್ಯಾಕ್ ಇರುತ್ತವೆ. ಅಂಗಡಿಯವನು ಪುಕ್ಕಟೆ ಕೊಟ್ಟ, ಹತ್ತು ಹನ್ನೆರಡು. ನಮ್ಮವರ ಹಳೆ ಹತ್ತಿ ಜಾಕೀಟಿಗೆ ಬೀದಿಯ ಟೇಲರ್ ಕಾಕಾ ಒಳಗಡೆ ಜೇಬು ಹೊಲಿದುಕೊಟ್ಟರು. ಮೂರು ಸಲ ಬಿಚ್ಚಿ ಹೊಲಿದದ್ದಕ್ಕೆ ಒಟ್ಟು 900 ಇರಬೇಕು. ಜೇಬಿಗೆ ಹಳೆ ಪಂಚೆಯ ಎರಡು ಪದರ ಅಸ್ತರು. ಪ್ಯಾಕನ್ನು ಫ್ರೀಜರಿಂದ ತೆಗೆದು, ಒತ್ತಿದರೆ ಬೆರಳಿಗೆ ಸ್ವಲ್ಪ ಮೆತ್ತಗಾಗುವವರೆಗೆ ಕಾಯಬೇಕು. ಕಲ್ಲಿನಂತಿದ್ದಾಗ ಹಾಕಲೇಬಾರದು. ಎದೆಗೆ ಎರಡು, ಬೆನ್ನಿಗೆ ಎರಡು. ಕುತ್ತಿಗೆಯದನ್ನು ಎಲ್ಲಿ, ಹೇಗೆ ಹೊಲಿಸಿದ್ದೇನೆ ಅನ್ನುವುದು ನನ್ನ ಮತ್ತು ಕಾಕಾನ ನಡುವಿನ ಗುಟ್ಟು. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಇಷ್ಟಾದರೂ ಮೊದಲ ಸಲ ಸೋತೆ. ಮೈ ಬಿಸಿಯಾದ ಮೇಲೆ ಹಾಕಿಕೊಳ್ಳುತ್ತಿದ್ದೆ. ಒಮ್ಮೆ ಕರೆಂಟ್ ಹೋಗುತ್ತದೆ ಅಂತ ಗೊತ್ತಾಗಿ, ಪ್ಯಾಕ್ ಹಾಳಾಗದಿರಲಿ ಎಂದು ಒಲೆ ಹಚ್ಚುವ ಅರ್ಧ ಗಂಟೆ ಮೊದಲೇ ತೊಟ್ಟು ಕೂತೆ. ಅವತ್ತು ಎಪ್ಪತ್ತು ಹೋಳಿಗೆವರೆಗೂ ಬಣ್ಣ ಸರಿಯಾಗಿ ಕಂಡಿತು! ಮೊದಲೇ ತಂಪು ತುಂಬಿಕೊಳ್ಳಬೇಕು. ಬಿಸಿಯಾದ ಮೇಲೆ ಇಳಿಸುವುದು ಕಷ್ಟ. ಇಷ್ಟೇ ವಿದ್ಯೆ. ಈಗ ಐವತ್ತು ಹೋಳಿಗೆಗೊಮ್ಮೆ ಒಲೆ ಆರಿಸಿ ಪ್ಯಾಕ್ ಬದಲಿಸುತ್ತೇನೆ, ಕಣ್ಣು ಚೆನ್ನಾಗಿದ್ದರೂ ನಿಲ್ಲಿಸುತ್ತೇನೆ.

ಇಂಡಕ್ಷನ್ ಒಲೆಯನ್ನೂ ಪ್ರಯೋಗಿಸಿದೆ. ಅಡುಗೆಮನೆ ನಿಜಕ್ಕೂ ತಂಪಾಯಿತು, ಆದರೆ ದೊಡ್ಡ ಹಂಚಿನ ನಡುವೆ ಮಾತ್ರ ಕಾಯುತ್ತದೆ, ಹೋಳಿಗೆಯ ಅಂಚು ಹಸಿ. ಈಗ ಬೇಳೆ ಬೇಯಿಸುವುದು, ಹೂರಣ ತಿರುವುವುದು ಇಂಡಕ್ಷನ್ ಮೇಲೆ, ಅದೂ ಹಿಂದಿನ ರಾತ್ರಿ. ಹೋಳಿಗೆ ಬೇಯಿಸುವುದು ಗ್ಯಾಸ್ ಮೇಲೆ, ಬೆಳಿಗ್ಗೆ ನಾಲ್ಕಕ್ಕೆ. ಎತ್ತರದ ಸ್ಟೂಲು 1,200 ಕೊಟ್ಟು ತಂದೆ. ಒಲೆ ಹಚ್ಚುವ ಮುಂಚೆ ಫ್ರಿಜ್ಜಿನ ನೀರು ಮಜ್ಜಿಗೆ ದೊಡ್ಡ ಲೋಟ. ಬಾತ್‌ರೂಮಿಗೆ ಓಡಬೇಕಾಗುತ್ತದೆ ಅಂತ ಮೊದಲು ನೀರೇ ಕುಡಿಯುತ್ತಿರಲಿಲ್ಲ. ಅದು ದೊಡ್ಡ ತಪ್ಪು, ಸುಸ್ತು ಇನ್ನೂ ಜಾಸ್ತಿ ಆಗುತ್ತಿತ್ತು. ಹೂರಣದ ಹದ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಮಾಟುಂಗಾಕ್ಕೆ ಡಬ್ಬಿಗಳನ್ನು ನಾನೇ ಒಯ್ಯುತ್ತೇನೆ, ಮಗನ ಜೊತೆ. 2016ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಇದೆ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಮಾಡಿಸಲು ನಾಲ್ಕು ಸಲ ಅಲೆದೆ. ಒಂದು ಕಡೆ "ನೋಡಿದರೆ ಚೆನ್ನಾಗೇ ಇದ್ದೀರಲ್ಲ" ಅಂದರು. ಆ ಮಾತು ನಿಮ್ಮಲ್ಲಿ ಎಷ್ಟೋ ಜನ ಕೇಳಿರುತ್ತೀರಿ. ಬಿಡಬೇಡಿ, ಮಾಡಿಸಿ. ಲೋಕಲ್ ಟ್ರೇನಿನಲ್ಲಿ ಅಂಗವಿಕಲರ ಬೋಗಿ ಇಲ್ಲದಿದ್ದರೆ ನನ್ನ ಕಾಲು ಠಾಣೆ ದಾಟುತ್ತಿರಲಿಲ್ಲ. ಚಳಿಗಾಲ ಬಿಟ್ಟರೆ ಟ್ರೇನಿನಲ್ಲೂ ಕುರ್ತಾ ಒಳಗೆ ಎರಡು ಪ್ಯಾಕ್ ಇರುತ್ತವೆ.

ಯುಗಾದಿಯ ಲೆಕ್ಕ ಹೇಳಿಬಿಡುತ್ತೇನೆ. ಒಂದಕ್ಕೆ 25ರಂತೆ 10,000 ಬಂತು, ಬೇಳೆ ಬೆಲ್ಲ ತುಪ್ಪ ಗ್ಯಾಸ್ ಕಳೆದು ಹೆಚ್ಚುಕಡಿಮೆ ಐದೂವರೆ ಸಾವಿರ ಉಳಿಯಿತು. ಮರುದಿನ ಪೂರ್ತಿ ಮಲಗಿದ್ದೆ, ಅದನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿದ್ದೆ.

ಈಗ ರಾತ್ರಿ ಪ್ಯಾಕ್‌ಗಳನ್ನು ಒರೆಸಿ ಫ್ರೀಜರಿನಲ್ಲಿ ಸಾಲಾಗಿ ಜೋಡಿಸಿಡುವವರು ಅತ್ತೆಯೇ. ಗಣೇಶ ಚೌತಿಗೆ 250ರ ಆರ್ಡರ್ ಬಂದಿದೆ. ಕರೆಂಟ್ ಕೈಕೊಟ್ಟರೆ ಇರಲಿ ಅಂತ ನಿನ್ನೆ ಮೆಡಿಕಲ್ ಅಂಗಡಿಯಿಂದ ಇನ್ನೆರಡು ಥರ್ಮಾಕೋಲ್ ಡಬ್ಬಿ ತಂದಿಟ್ಟೆ.