ಫೆತಿಯೆಲಿ ಉಳ್ಕೊಂಡು ಡೊಲ್ಮುಶ್‌ನಲ್ಲೇ ಬೀಚ್ ಸುತ್ತಿದ್ದು: ನನ್ನ ಅನುಭವ

ಟರ್ಕಿ ಅಂದ್ರೆ ನಮ್ಮ ಕಡೆಯವರು ಇಸ್ತಾಂಬುಲ್ ನೋಡಿ, ಕಪಡೋಕಿಯಾದಲ್ಲಿ ಬಲೂನು ಹತ್ತಿ ವಾಪಸ್ ಬಂದ್ಬಿಡ್ತಾರೆ. ನಾವು ಮೂರು ಜನ, ಅಂದ್ರೆ ನಾನು, ನಮ್ಮೆಜಮಾನ್ರು, ನಮ್ಮತ್ತೆ, ಬಲೂನು ಬಿಟ್ಟು ಸೀದಾ ದಕ್ಷಿಣದ ಕರಾವಳಿಗೆ ಹೋದ್ವಿ. ಮುಗ್ಲಾ ಪ್ರಾಂತ್ಯದ ಫೆತಿಯೆ ಅನ್ನೋ ಊರು. ಇಸ್ತಾಂಬುಲ್‌ನಿಂದ ದಲಮಾನ್‌ಗೆ ಒಂದೂಕಾಲು ಗಂಟೆ ಫ್ಲೈಟು, ಅಲ್ಲಿಂದ ಏರ್‌ಪೋರ್ಟ್ ಬಸ್ಸಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ.

ಮೊದಲು ಯೋಚನೆ ಮಾಡಬೇಕಾದ್ದು ರೂಮ್ ಎಲ್ಲಿ ಮಾಡೋದು ಅಂತ. ಫೋಟೋ ನೋಡಿದೋರೆಲ್ಲ ಹತ್ರದ ಬೀಚ್ ಊರಾದ ಒಲುದೆನಿಜ್‌ನಲ್ಲೇ ಬುಕ್ ಮಾಡ್ತಾರೆ, ಇಲ್ಲಾ ಅದರ ಮೇಲಿರೋ ಹಿಸಾರೊನುಲಿ, ಆದ್ರೆ ಅದು ಪೂರ್ತಿ ಟೂರಿಸ್ಟ್ ಜಾಗ, ರಾತ್ರಿ ಬಾರ್‌ಗಳ ಸದ್ದು ಜೋರು. ಫೆತಿಯೆ ಹಾಗಲ್ಲ, ಜನ ವರ್ಷಪೂರ್ತಿ ಬದುಕೋ ಊರು, ಮಂಗಳವಾರ ದೊಡ್ಡ ಸಂತೆ ಇದೆ, ಮೀನು ಮಾರ್ಕೆಟ್ಟಲ್ಲಿ ಮೀನು ನೀವೇ ಆರಿಸಿ ಕೊಂಡು ಸುತ್ತ ಇರೋ ಹೋಟ್ಲಲ್ಲಿ ಕೊಟ್ರೆ ಅಲ್ಲೇ ಬೇಯಿಸಿ ಕೊಡ್ತಾರೆ, ಊರ ಹಿಂದಿನ ಬಂಡೆಲಿ ಕ್ರಿ.ಪೂ. 4ನೇ ಶತಮಾನದ ಅಮಿಂಟಾಸ್ ಅನ್ನೋನ ಸಮಾಧಿ, ಮನೆ ಮಾಡುಗಳ ಮೇಲಿಂದ ಕಾಣ್ತಾ ಇರುತ್ತೆ. ಎಲ್ಲಕ್ಕಿಂತ ಮುಖ್ಯ, ಎಲ್ಲಾ ಬೀಚಿಗೂ ಗಾಡಿ ಹೊರಡೋದು ಇಲ್ಲಿಂದಲೇ.

ಆ ಗಾಡೀನೇ ಡೊಲ್ಮುಶ್, ನಮ್ಮ ಟೆಂಪೋ ಟ್ರಾವೆಲರ್ ಥರದ ಮಿನಿಬಸ್ಸು. ಎಲ್ಲಿ ಕೈ ತೋರಿಸಿದ್ರೂ ನಿಲ್ಲಿಸ್ತಾರೆ, ದುಡ್ಡು ಡ್ರೈವರ್‌ಗೇ ಕೊಡೋದು. ಹಿಂದೆ ಕೂತಿದ್ರೆ ಮುಂದಿನವರ ಕೈಗೆ ಕೊಡಿ, ಅದು ಕೈಯಿಂದ ಕೈಗೆ ಹೋಗಿ ಚಿಲ್ಲರೆ ಅದೇ ದಾರೀಲಿ ವಾಪಸ್ ಬರುತ್ತೆ, ಒಂದು ಲಿರಾ ಕಮ್ಮಿ ಆಗಲ್ಲ. ಇಳಿಬೇಕಾದ್ರೆ "ಇನೆಜೆಕ್ ವಾರ್" ಅಂತ ಕೂಗಬೇಕು, ಇಳಿಯೋರು ಇದಾರೆ ಅಂತ ಅರ್ಥ. ಎರಡನೇ ದಿನದಿಂದ ನಮ್ಮತ್ತೇನೇ ಕೂಗ್ತಾ ಇದ್ರು. ದರ ಎಷ್ಟು ಅಂತ ಬರೀತಾ ಇಲ್ಲ, ಅಲ್ಲಿ ಹಣದುಬ್ಬರ ವಿಪರೀತ, ಹೋಗೋ ವಾರ ನೋಡ್ಕೊಳ್ಳಿ.

ಒಲುದೆನಿಜ್‌ನಲ್ಲಿ ಅಕ್ಕಪಕ್ಕ ಎರಡು ಬೇರೆ ಬೇರೆ ನೀರು ಇದೆ, ಇದು ಗೊತ್ತಿದ್ರೆ ಅರ್ಧ ಪ್ಲಾನ್ ಆದ ಹಾಗೆ. ಡೊಲ್ಮುಶ್ ಇಳಿದ ತಕ್ಷಣ ಸಿಗೋದು ಬೆಲ್ಜೆಕಿಜ್ ಬೀಚ್, ಒಳಗೆ ಹೋಗೋಕೆ ಟಿಕೆಟ್ ಇಲ್ಲ, ಆದ್ರೆ ಪೂರ್ತಿ ಉರುಟು ಕಲ್ಲು, ಮತ್ತೆ ನಾಲ್ಕು ಹೆಜ್ಜೆಗೇ ಆಳ ಬಂದ್ಬಿಡುತ್ತೆ. ಈಜು ಚೆನ್ನಾಗಿ ಬರೋರಿಗೆ ಸ್ವರ್ಗ. ಅದರ ತುದೀಲಿ ಕುಂಬುರ್ನು ಅಂತ ಒಂದು ನಾಲಿಗೆಯಂಥ ದಿಣ್ಣೆ ಚಾಚ್ಕೊಂಡಿದೆ, ಅದರ ಹಿಂದೆ ಇರೋದೇ ಎಲ್ಲಾ ಪೋಸ್ಟರ್‌ಗಳಲ್ಲಿ ಬರೋ ಬ್ಲೂ ಲಗೂನ್, ಇಲ್ಲಿ ಟಿಕೆಟ್ ಇದೆ. ಬಾಯಿ ಕಿರಿದಾಗಿರೋದ್ರಿಂದ ಅಲೆ ಒಳಗೆ ಬರಲ್ಲ, ದಡದ ಹತ್ರ ಆಳ ಕಮ್ಮಿ, ನಮ್ಮತ್ತೆ ಎದೆಮಟ್ಟದ ನೀರಲ್ಲಿ ಗಂಟೆಗಟ್ಲೆ ನಿಂತಿದ್ರು. ಮುರುಡೇಶ್ವರ, ಮಲ್ಪೆ ಅಲೆ ನೋಡಿದೋರಿಗೆ ಈ ಸಮುದ್ರ ಅಲುಗಾಡೋದೇ ಇಲ್ವೇನೋ ಅನ್ಸುತ್ತೆ, ಭರತ ಇಳಿತ ಅಂತ ಹೇಳೋ ಅಷ್ಟು ಇಲ್ಲಿಲ್ಲ, ಉಪ್ಪು ಮಾತ್ರ ನಮ್ಮ ಕಡೆಗಿಂತ ಜಾಸ್ತಿ, ಮೈ ಸುಲಭವಾಗಿ ತೇಲುತ್ತೆ. ನೀರು ಅಷ್ಟು ತಿಳಿಯಾಗಿರೋದಕ್ಕೆ ಕಾರಣ, ಮೆಡಿಟರೇನಿಯನ್ನಿನ ಈ ಪೂರ್ವ ಭಾಗದಲ್ಲಿ ಪೋಷಕಾಂಶ ಕಮ್ಮಿ, ಪಾಚಿ ಪ್ಲಾಂಕ್ಟನ್ ಹೆಚ್ಚು ಬೆಳೆಯಲ್ಲ. ಎರಡೂ ಕಡೆ ನೀರಲ್ಲಿ ಹಾಕೋ ರಬ್ಬರ್ ಶೂ ಬೇಕೇ ಬೇಕು, ಕಾಲಡಿ ಕಲ್ಲು ಬಿಸಿಲಿಗೆ ಕಾದಿರುತ್ತೆ, ಸಂತೇಲಿ ಅಗ್ಗಕ್ಕೆ ಸಿಗುತ್ತೆ.

ತಲೆ ಮೇಲೆ ಇಡೀ ದಿನ ಪ್ಯಾರಾಗ್ಲೈಡರ್‌ಗಳು. ಪಕ್ಕದ ಬಾಬಾದಾಗ್ ಬೆಟ್ಟ 1900 ಮೀಟರ್ ದಾಟುತ್ತೆ, ಸಮುದ್ರಕ್ಕೆ ಅಂಟ್ಕೊಂಡೇ ಎದ್ದಿದೆ. ನಮ್ಮೆಜಮಾನ್ರು ಹಾರಿದ್ರು, ನಾನು ಕೇಬಲ್ ಕಾರಲ್ಲಿ ಮೇಲೆ ಹೋಗಿ ಟೀ ಕುಡಿದು ಬಂದೆ. ಹಾರೋರು ಬೆಳಗ್ಗೆ ಸ್ಲಾಟ್ ತಗೊಳ್ಳಿ.

ಬಿಸಿಲು ಇಳಿದ ಮೇಲೆ ಒಂದು ದಿನ ಕಯಾಕೊಯ್‌ಗೆ ಹೋದ್ವಿ. ಗುಡ್ಡದ ತುಂಬಾ ನೂರಾರು ಕಲ್ಲಿನ ಮನೆ, ಒಂದಕ್ಕೂ ಛಾವಣಿ ಇಲ್ಲ. 1923ರಲ್ಲಿ ಗ್ರೀಸ್-ಟರ್ಕಿ ಜನಸಂಖ್ಯೆ ಅದಲುಬದಲು ಆದಾಗ ಇಲ್ಲಿನ ಗ್ರೀಕ್ ಆರ್ಥೊಡಾಕ್ಸ್ ಜನ ಊರು ಖಾಲಿ ಮಾಡಬೇಕಾಯ್ತು, 1957ರ ಭೂಕಂಪ ಉಳಿದದ್ದನ್ನೂ ಕೆಡಿಸ್ತು. ಒಂದು ಮನೆ ಒಳಗೆ ಒಲೆಯ ಗೂಡು ಹಾಗೇ ಇದೆ, ಗೋಡೆಲಿ ನೀಲಿ ಸುಣ್ಣದ ಗುರುತು, ನೆಲದಲ್ಲಿ ಅಂಜೂರದ ಗಿಡ ಬೆಳೆದಿದೆ. ಬೀಚ್ ಮೂಡಲ್ಲಿ ಬಂದು ಹತ್ತು ನಿಮಿಷದಲ್ಲಿ ನೋಡಿ ಹೋಗೋ ಜಾಗ ಅಲ್ಲ ಇದು, ದಯವಿಟ್ಟು ಒಂದು ಸಂಜೆ ಕೊಡಿ.

ಆದ್ರೆ ಒಂದೇ ಒಂದು ಬೀಚಿಗೆ ಹೋಗೋಕಾಗೋದು ಅಂದ್ರೆ ನಾನು ಒಲುದೆನಿಜ್ ಬಿಟ್ಟು ಪಟಾರಾಗೆ ಹೋಗ್ತೀನಿ. ಕಾಶ್ ಅನ್ನೋ ಊರಿನ ಕಡೆ ಹೋಗೋ ಮಿನಿಬಸ್ಸಲ್ಲಿ ಕೂತ್ಕೊಂಡು ಪಟಾರಾ ಕ್ರಾಸ್‌ನಲ್ಲಿ ಇಳೀಬೇಕು. ಸುಮಾರು 18 ಕಿಲೋಮೀಟರ್ ಉದ್ದದ ಮರಳು, ದಡದಲ್ಲಿ ಉಳ್ಕೊಳ್ಳೋ ಹೋಟ್ಲು ಒಂದೂ ಇಲ್ಲ, ಕಟ್ಟೋಕೆ ಬಿಡಲ್ಲ, ಯಾಕಂದ್ರೆ ಹಿಂದೆ ಈ ಕರಾವಳಿಯ ಪ್ರಾಚೀನ ಜನ ಲಿಸಿಯನ್ನರ ಹಳೇ ನಗರ ಇದೆ, ಮುಂದೆ ಕರೆಟ್ಟಾ ಕರೆಟ್ಟಾ ಅನ್ನೋ ಕಡಲಾಮೆ ಮೊಟ್ಟೆ ಇಡೋ ಜಾಗ. ಟಿಕೆಟ್ ತಗೊಂಡು ಒಳಗೆ ಹೋದ್ರೆ ಮೊದಲು ಸಿಗೋದು ಕಲ್ಲಿನ ರಂಗಮಂದಿರ, ಅದರ ಪಕ್ಕ ಲಿಸಿಯನ್ ಒಕ್ಕೂಟದ ಸಭಾಭವನ, ಆ ಕಾಲದಲ್ಲೇ ಊರುಗಳು ಪ್ರತಿನಿಧಿಗಳನ್ನ ಕಳಿಸಿ ವೋಟು ಹಾಕ್ತಿದ್ವು, ದೊಡ್ಡ ಊರಿಗೆ ಮೂರು ವೋಟು, ಸಣ್ಣದಕ್ಕೆ ಒಂದು. ಈ ನಗರದ ಬಂದರನ್ನ ಹೂಳಿ ಮುಚ್ಚಿದ್ದು ಮರಳೇ, ಈಗ ಆ ಮರಳಿಗೋಸ್ಕರ ಜನ ಬರ್ತಾರೆ.

ಆಮೆ ಸೀಸನ್ನಲ್ಲಿ ರಾತ್ರಿ ಬೀಚ್ ಬಂದ್. ಗೂಡಿನ ಮೇಲೆ ಕಂಬಿ ಪಂಜರ ಇಟ್ಟಿರ್ತಾರೆ, ಆ ಪಟ್ಟೀಲಿ ಛತ್ರಿ ನೆಡಬೇಡಿ, ಟವೆಲ್ ಹಾಸಬೇಡಿ, ಒದ್ದೆ ಮರಳಿನ ಹತ್ರವೇ ಕೂತ್ಕೊಳ್ಳಿ. ನೆರಳು ಎಲ್ಲೂ ಇಲ್ಲ, ಮಧ್ಯಾಹ್ನ ಗಾಳಿ ಬೀಸಿದ್ರೆ ಮರಳು ಕಾಲಿಗೆ ಚುಚ್ಚುತ್ತೆ, ಹಾಗಾಗಿ ಬೆಳಗ್ಗೆ ಹೋಗಿ ಊಟದ ಹೊತ್ತಿಗೆ ಗೆಲೆಮಿಶ್ ಹಳ್ಳಿಗೆ ಬಂದ್ಬಿಡಿ.

ನಮ್ಮತ್ತೆ ಪಕ್ಕಾ ಸಸ್ಯಾಹಾರಿ, ಊಟಕ್ಕೆ ತೊಂದ್ರೆ ಆಗ್ಲಿಲ್ಲ. ಗೊಜ್ಲೆಮೆ ಅಂತ ತೆಳ್ಳಗೆ ಲಟ್ಟಿಸಿ ಒಳಗೆ ಪಾಲಕ್, ಚೀಸ್ ಇಟ್ಟು ಕಾವಲಿ ಮೇಲೆ ಸುಡ್ತಾರೆ, ಹೆಂಗಸರು ಕಣ್ಣೆದುರೇ ಮಾಡಿಕೊಡೋದು. ಕೆಂಪು ಬೇಳೆಯ ಮರ್ಜಿಮೆಕ್ ಸೂಪು ಎಲ್ಲಾ ಕಡೆ ಇರುತ್ತೆ, ಆದ್ರೆ ಮಾಂಸದ ಸ್ಟಾಕ್ ಹಾಕಿದಾರಾ ಅಂತ ಕೇಳಿ, "ಎತ್ಸಿಜ್" ಅಂದ್ರೆ ಮಾಂಸ ಇಲ್ಲದ್ದು. ಜೊತೆಗೆ ಉಪ್ಪು ಮಜ್ಜಿಗೆ, ಅಲ್ಲಿ ಐರಾನ್ ಅಂತಾರೆ.

ಜುಲೈ, ಆಗಸ್ಟ್ ಬೇಡ, ಸೆಕೆಯೂ ಜಾಸ್ತಿ, ಜನವೂ ಜಾಸ್ತಿ. ಸೆಪ್ಟೆಂಬರ್ ಕೊನೆಗೆ ನೀರು ಇನ್ನೂ ಬೆಚ್ಚಗಿರುತ್ತೆ, ಡೊಲ್ಮುಶ್‌ನಲ್ಲಿ ಕೂರೋಕೆ ಸೀಟು ಸಿಗುತ್ತೆ.