ಹಲ್ಲು ಕಚ್ಚದೆ ಓಡಲು ಕಲಿತೆ

ಅರವತ್ತು ಮೀಟರ್ ದಾಟಿರಬಹುದು. ಬಲತೊಡೆಯ ಹಿಂದೆ ಯಾರೋ ಚಾಟರಬಿಲ್ಲಿನಲ್ಲಿ ಕಲ್ಲು ಹೊಡೆದ ಹಾಗಾಯಿತು. ನಿಜವಾಗಲೂ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಎರಡು ಹೆಜ್ಜೆ ಕುಂಟಿದೆ, ಮೂರನೆಯದಕ್ಕೆ ಟ್ರ್ಯಾಕಿನ ಮೇಲೆ ಕೂತುಬಿಟ್ಟೆ. ಹ್ಯೂಸ್ಟನ್ನಿನ ಮೇ ತಿಂಗಳ ಬಿಸಿಲು. ರಬ್ಬರ್ ಟ್ರ್ಯಾಕ್ ಕಾದ ಕಾವಲಿ ಹಾಗಿತ್ತು. ನನ್ನ ವಯಸ್ಸು 42. ಅದು ಮಾಸ್ಟರ್ಸ್ ಓಟ, ಅಂದರೆ ನನ್ನಂಥ ಅಂಕಲ್‌ಗಳನ್ನ ವಯಸ್ಸಿನ ಪ್ರಕಾರ ಗುಂಪು ಮಾಡಿ ಓಡಿಸುವ ಸ್ಪರ್ಧೆ. ಅದರಲ್ಲೂ ನೂರು ಮೀಟರ್ ಮುಗಿಸೋಕೆ ಆಗಲಿಲ್ಲ.

ಹೆಂಡತಿ ಫೋನಿನಲ್ಲಿ ವಿಡಿಯೋ ಮಾಡಿದ್ದಳು. ರಾತ್ರಿ ತೊಡೆಗೆ ಐಸ್ ಇಟ್ಟುಕೊಂಡು ಅದನ್ನ ಸ್ಲೋ ಮೋಷನ್‌ನಲ್ಲಿ ನೋಡಿದೆ. ನೋಡಬೇಕಾದ್ದು ಕಾಲು, ಆದರೆ ಕಣ್ಣು ಹೋಗಿದ್ದು ಮುಖದ ಮೇಲೆ. ಕತ್ತಿನ ನರಗಳು ಹಗ್ಗದ ಹಾಗೆ ಎದ್ದಿವೆ. ಭುಜ ಕಿವಿಯ ಹತ್ತಿರ ಬಂದಿದೆ. ಮುಷ್ಟಿ ಬಿಗಿ. ಹಲ್ಲು ಕಚ್ಚಿ ಹಿಡಿದಿದ್ದೇನೆ.

“ನಾಲ್ಕು ದಿನದಿಂದ ಹೊಟ್ಟೆ ಕಟ್ಟಿಕೊಂಡವರ ಥರ ಇದೆ ರೀ ಮುಖ” ಅಂದಳು.

ಈ ಮುಖ ನನಗೆ ಬಂದಿದ್ದು ದಾವಣಗೆರೆಯಿಂದ. ಹೈಸ್ಕೂಲಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಐವತ್ತು ಮೀಟರ್ ಗೆರೆ ಹತ್ತಿರ ಪೀಪಿ ಹಿಡಿದು ನಿಲ್ಲುತ್ತಿದ್ದರು. ನಾವು ಅಲ್ಲಿಗೆ ಬರುತ್ತಿದ್ದ ಹಾಗೇ “ಹಲ್ಲು ಕಚ್ಕೊಂಡ್ ಓಡ್ರಲೇ!” ಅಂತ ಕೂಗು. ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಆಮೇಲೆ ಇಂಜಿನಿಯರಿಂಗ್ ಕಾಲೇಜು, ಎಲ್ಲ ಕಡೆಯೂ ಹಲ್ಲು ಕಚ್ಚಿಕೊಂಡೇ ಓಡಿದೆ. ಕಷ್ಟಪಡೋದು ಅಂದರೆ ಮುಖದಲ್ಲಿ ಕಾಣಬೇಕು ಅನ್ನೋದು ನಮ್ಮಲ್ಲಿ ಒಂಥರಾ ಮರ್ಯಾದೆ, ಅಲ್ವಾ? ನಗುನಗುತ್ತಾ ಓಡಿ ಗೆದ್ದರೆ ಏನೋ ಮೋಸ ಮಾಡಿದ ಹಾಗೆ.

ಸ್ನಾಯು ಕೂಡಿಕೊಳ್ಳುವ ಆರು ವಾರ ಮಾಡೋಕೆ ಕೆಲಸ ಇರಲಿಲ್ಲ. ಹಳೇ ಓಟಗಳ ರೀಲು ನೋಡುತ್ತಾ ಕೂತೆ. ಹಾಗೆ ಸಿಕ್ಕವರು ಬಾಬಿ ಮಾರೋ. (ಹೆಸರು ಕೇಳಿ ನನ್ನ ಮಗ “ಏನನ್ನ ಮಾರಬೇಕಂತೆ?” ಅಂದ.) 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್, 200 ಮೀಟರ್, 4x100 ರಿಲೇ ಮೂರರಲ್ಲೂ ಚಿನ್ನ. 1936ರಲ್ಲಿ ಜೆಸ್ಸಿ ಓವೆನ್ಸ್ ಮಾಡಿದ್ದನ್ನ ಆಮೇಲೆ ಮೊದಲು ಮಾಡಿದವರು ಇವರೇ. ಮುಂದೆ ಅದು ಮತ್ತೆ ಆಗಿದ್ದು 1984ರಲ್ಲಿ, ನಮ್ಮ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಓದಿದ ಕಾರ್ಲ್ ಲೂಯಿಸ್ ಅವರಿಂದ. ಓವೆನ್ಸ್, ಲೂಯಿಸ್ ಎಲ್ಲರಿಗೂ ಗೊತ್ತು. ನಡುವಿನ ಈ ಮನುಷ್ಯನ ಹೆಸರನ್ನ ಟೆಕ್ಸಾಸ್‌ನಲ್ಲಿ ಹದಿನೈದು ವರ್ಷ ಇದ್ದರೂ ನಾನು ಕೇಳಿರಲಿಲ್ಲ.

ಬಾಬಿ ಬೆಳೆದಿದ್ದು ಟೆಕ್ಸಾಸ್‌ನ ದಕ್ಷಿಣದ ತುದಿ, ಮೆಕ್ಸಿಕೋ ಗಡಿ ಹತ್ತಿರದ ಸ್ಯಾನ್ ಬೆನಿಟೋ ಊರಿನ ಹೊಲದಲ್ಲಿ. ಹತ್ತಿ, ಕ್ಯಾರೆಟ್ ಬೆಳೆಯುವ ಮನೆ. ಓದಿದ್ದು ಅಬಿಲೀನ್ ಕ್ರಿಶ್ಚಿಯನ್ ಕಾಲೇಜು, ಚರ್ಚಿನವರ ಒಂದು ಸಣ್ಣ ಕಾಲೇಜು. ಅಲ್ಲಿನ ಕೋಚ್ ಆಲಿವರ್ ಜ್ಯಾಕ್ಸನ್ ತಮ್ಮ ಹುಡುಗನ ಬಗ್ಗೆ ಒಂದು ಮಾತು ಹೇಳುತ್ತಿದ್ದರು: ಬಾಬಿ ತಲೆ ಮೇಲೆ ರೂಟ್ ಬಿಯರ್ ಫ್ಲೋಟ್ ಇಟ್ಟು 220 ಗಜ ಓಡಿಸಿದರೂ ಒಂದು ತೊಟ್ಟು ಚೆಲ್ಲೋದಿಲ್ಲ ಅಂತ. ಹೆಸರಿನಲ್ಲಿ ಬಿಯರ್ ಇದ್ದರೂ ಅದು ಬಿಯರ್ ಅಲ್ಲ, ಐಸ್‌ಕ್ರೀಮ್ ತೇಲಿಸಿ ಕೊಡುವ ಸೋಡಾ ಥರದ ಪಾನೀಯ. ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮಜ್ಜಿ. ತಲೆ ಮೇಲೆ ಒಂದು ಕೊಡ, ಸೊಂಟದಲ್ಲಿ ಇನ್ನೊಂದು. ಬಾವಿಯಿಂದ ಮನೆತನಕ ಮಾತಾಡಿಕೊಂಡೇ ಬರುತ್ತಿದ್ದರು, ಸೆರಗು ಕೂಡ ಒದ್ದೆ ಆಗುತ್ತಿರಲಿಲ್ಲ.

ಬಾಬಿ ತಮ್ಮ ಗುಟ್ಟನ್ನ ತಾವೇ ಹೇಳಿದ್ದಾರೆ. ಓಡುವಾಗ ಮೈ ಎಷ್ಟು ಸಡಿಲ ಇರುತ್ತಿತ್ತು ಅಂದರೆ ದವಡೆಯ ಸ್ನಾಯು ಅಲುಗೋದು ತಮಗೇ ಗೊತ್ತಾಗುತ್ತಿತ್ತಂತೆ.

ಅಲ್ಲಿಗೆ ನನಗೂ ಪಿ.ಟಿ. ಮೇಷ್ಟ್ರಿಗೂ ಜಗಳ ಶುರುವಾಯಿತು.

ಮೆಲ್ಬರ್ನ್ ಫೈನಲ್ಲನ್ನ ನಾನು ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಇವತ್ತಿನ ಹಾಗೆ ರಬ್ಬರ್ ಟ್ರ್ಯಾಕ್ ಅಲ್ಲ, ಕಿಟ್ಟದ ಪುಡಿ ಹಾಸಿದ ಟ್ರ್ಯಾಕ್. ಎದುರುಗಾಳಿ ಬೇರೆ ಜೋರಾಗಿತ್ತು. 10.5 ಸೆಕೆಂಡ್. ಎರಡನೆಯವರು ಥೇನ್ ಬೇಕರ್, ಅವರೂ ಅಮೆರಿಕದವರೇ. ಮೂರು ದಿನ ಕಳೆದು 200 ಮೀಟರ್, ತೊಡೆಗೆ ಪಟ್ಟಿ ಕಟ್ಟಿಕೊಂಡು. 20.6 ಸೆಕೆಂಡ್, ಒಲಿಂಪಿಕ್ ದಾಖಲೆ. ರಿಲೇಯಲ್ಲಿ ಕೊನೆಯ ಓಟ ಇವರದು, 39.5 ಸೆಕೆಂಡಿನ ವಿಶ್ವದಾಖಲೆ. ಪಟ್ಟಿ ಕಟ್ಟಿದ ಆ ತೊಡೆ ನೋಡಿ ನನ್ನ ತೊಡೆ ಮುಟ್ಟಿಕೊಂಡೆ. ನಾನಾಗಿದ್ದರೆ ಮೈಯೆಲ್ಲ ಬಿಗಿ ಮಾಡಿಕೊಂಡು ಓಡುತ್ತಿದ್ದೆ. ಇವರ ಮುಖದಲ್ಲಿ ಏನೂ ಇಲ್ಲ. ಹಾಲು ತರೋಕೆ ಹೊರಟವರ ಮುಖ.

ಒಂದು ಮಾತು ಸೇರಿಸಲೇಬೇಕು. ಅಮೆರಿಕದ ಕಾಲೇಜು ಹುಡುಗರಿಂದ ಕಲಿಯೋಕೆ ಹೋದ ಮೊದಲ ಭಾರತೀಯ ನಾನೇನಲ್ಲ. ಅದೇ ಮೆಲ್ಬರ್ನ್‌ನಲ್ಲಿ ಮಿಲ್ಖಾ ಸಿಂಗ್ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಆಮೇಲೆ 400 ಮೀಟರ್ ಗೆದ್ದ ಚಾರ್ಲ್ಸ್ ಜೆಂಕಿನ್ಸ್ ಹತ್ತಿರ ಹೋಗಿ, ನೀವು ಹೇಗೆ ಅಭ್ಯಾಸ ಮಾಡ್ತೀರಿ ಅಂತ ಕೇಳಿ ತಿಳಿದುಕೊಂಡು ಬಂದರು. ಜೆಂಕಿನ್ಸ್ ವಿಲ್ಲನೋವಾ ಕಾಲೇಜಿನವರು. ಎರಡೇ ವರ್ಷಕ್ಕೆ, 1958ರಲ್ಲಿ, ಮಿಲ್ಖಾ ಕಾರ್ಡಿಫ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಗೊತ್ತಿಲ್ಲದ್ದನ್ನ ಗೆದ್ದವನ ಹತ್ತಿರವೇ ನೇರವಾಗಿ ಕೇಳೋದಕ್ಕೂ ಒಂದು ಎದೆಗಾರಿಕೆ ಬೇಕು. ನನಗೆ ಆ ಕಷ್ಟ ಇರಲಿಲ್ಲ, ನನ್ನ ಗುರು ರೀಲಿನಲ್ಲಿದ್ದರು.

ಸರಿ, ಮಾಡಿದ್ದು ಹೇಗೆ?

ಮೊದಲು ಕಾಲು. ಫಿಸಿಯೋ ಹೇಳಿದ ವ್ಯಾಯಾಮ, ಮಂಡಿಯೂರಿ ಕೂತು, ಹಿಮ್ಮಡಿಯನ್ನ ಯಾರಾದರೂ ಒತ್ತಿ ಹಿಡಿದಾಗ, ಮೈಯನ್ನ ನೆಟ್ಟಗೆ ಇಟ್ಟುಕೊಂಡು ನಿಧಾನವಾಗಿ ಮುಂದಕ್ಕೆ ಇಳಿಯೋದು. ಹಿಮ್ಮಡಿ ಹಿಡಿಯೋಕೆ ಮಗ. ಒಂದು ಸಲಕ್ಕೆ ಒಂದು ಡಾಲರ್ ಕೇಳಿದ. ಇದರ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಬೇಜಾರಿನ ಕೆಲಸ, ತಪ್ಪದೆ ಮಾಡಬೇಕು.

ಕಷ್ಟ ಆಗಿದ್ದು ದವಡೆ. ‘ಸಡಿಲ ಬಿಡು’ ಅಂತ ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ಕಾಲೂ ಸಡಿಲವಾಗಿ ಜಾಗಿಂಗ್ ಆಗಿಬಿಡುತ್ತಿತ್ತು. ವೇಗ ಬೇಕು ಅಂದರೆ ಹಲ್ಲು ಕಚ್ಚುತ್ತಿದ್ದೆ. ಎರಡರ ನಡುವೆ ಏನೂ ಇರಲಿಲ್ಲ. ಮೈಗೆ ಹಾಗೇ ಅಭ್ಯಾಸ ಆಗಿತ್ತು.

ಇಲ್ಲಿನ ಕೋಚ್‌ಗಳು ಹುಡುಗರ ಕೈಗೆ ಆಲೂಗಡ್ಡೆ ಚಿಪ್ಸ್ ಕೊಟ್ಟು ಓಡಿಸುತ್ತಾರೆ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಚಿಪ್ಸ್. ಗೆರೆ ಮುಟ್ಟುವಾಗ ಅದು ಪುಡಿಯಾಗಿರಬಾರದು. ನಾನು ಮಾಡೋಣ ಅಂತ ಹೊರಟ ಭಾನುವಾರ ಮನೆಯಲ್ಲಿ ಚಿಪ್ಸ್ ಇರಲಿಲ್ಲ. ಅಮ್ಮ ಕಳಿಸಿದ ಅಕ್ಕಿ ಹಪ್ಪಳ ಇತ್ತು. ನಾಲ್ಕು ಕರಿಸಿಕೊಂಡು ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಅಕ್ಕಿ ಹಪ್ಪಳ ಚಿಪ್ಸ್‌ಗಿಂತ ನಾಜೂಕು ಅನ್ನೋದು ಆಗ ಗೊತ್ತಾಯಿತು. ಮೊದಲ ಓಟ, ಹದಿನೈದನೇ ಮೀಟರ್‌ಗೆ ಚೂರು. ಎರಡನೆಯದು ಬ್ಲಾಕಿನಲ್ಲಿ (ಓಟ ಶುರು ಮಾಡುವಾಗ ಪಾದ ಒತ್ತಿಡುವ ಚೌಕಟ್ಟು) ಕೂತಾಗಲೇ ಹೋಯಿತು. ನಾಲ್ಕೂ ಮುಗಿದಾಗ ಅಂಗೈ ತುಂಬ ಎಣ್ಣೆ, ಟ್ರ್ಯಾಕಿನ ಮೇಲೆ ಹಪ್ಪಳದ ಪುಡಿ, ಹಿಂದೆ ಎರಡು ಪಾರಿವಾಳ.

ಕೈ ಸಡಿಲ ಆದರೆ ಭುಜ ಇಳಿಯುತ್ತೆ, ಭುಜ ಇಳಿದರೆ ಕತ್ತು, ಕತ್ತಿನ ಹಿಂದೆ ದವಡೆ. ಇದು ನನಗೆ ತಿಳಿಯೋಕೆ ಒಂದು ತಿಂಗಳು ಹಿಡಿಯಿತು. ನಾನು ದವಡೆಯಿಂದ ಶುರು ಮಾಡೋಕೆ ಹೋಗಿ ತಪ್ಪು ಮಾಡಿದ್ದೆ. ಬೆರಳಿನಿಂದ ಶುರು ಮಾಡಬೇಕಿತ್ತು.

ಆಮೇಲೆ 60 ಮೀಟರ್ ಓಟವನ್ನ ಮೂರು ಪಾಲು ಮಾಡಿದೆ. ಮೊದಲ ಇಪ್ಪತ್ತರಲ್ಲಿ ಪೂರ್ತಿ ತಳ್ಳೋದು. ಎರಡನೇ ಇಪ್ಪತ್ತರಲ್ಲಿ ಎದ್ದು ನಿಂತು ಓಡೋದು. ಮೂರನೇ ಇಪ್ಪತ್ತರಲ್ಲಿ ಏನೂ ಸೇರಿಸಬಾರದು, ಏನೂ ತೆಗೆಯಬಾರದು. ಇಳಿಜಾರಿನಲ್ಲಿ ಸೈಕಲ್ ತುಳಿಯೋದು ಬಿಟ್ಟ ಹಾಗೆ. ಒಂದು ಓಟಕ್ಕೂ ಇನ್ನೊಂದಕ್ಕೂ ಎಂಟು ನಿಮಿಷ ಬಿಡುವು. ವಾರಕ್ಕೆ ಎರಡೇ ದಿನ. ಓಡಿ ಬಂದ ವೇಗದಲ್ಲೇ 30 ಮೀಟರ್ ಅಳೆದಾಗ, ಹಲ್ಲು ಕಚ್ಚಿ ಓಡಿದರೆ 3.46 ಸೆಕೆಂಡ್, ಬಿಟ್ಟು ಓಡಿದರೆ 3.43. ಫೋನಿನಲ್ಲಿ ಒತ್ತಿದ ಸಮಯ, ಆ ವ್ಯತ್ಯಾಸಕ್ಕೆ ಬೆಲೆ ಇಲ್ಲ. ಆದರೆ ಬಿಟ್ಟು ಓಡಿದಾಗ ಮಾರನೇ ದಿನ ಮೆಟ್ಟಿಲು ಇಳಿಯೋಕೆ ಆಗುತ್ತಿತ್ತು. ನನಗೆ ಅದೇ ದೊಡ್ಡದು.

ನೂರು ಮೀಟರ್‌ನಲ್ಲಿ ಕೊನೆತನಕ ವೇಗ ಹೆಚ್ಚಿಸಿಕೊಂಡು ಹೋಗೋರು ಯಾರೂ ಇಲ್ಲ. ದೊಡ್ಡ ಓಟಗಾರರೂ ಐವತ್ತರಿಂದ ಎಂಬತ್ತು ಮೀಟರ್ ನಡುವೆ ಎಲ್ಲೋ ವೇಗದ ತುತ್ತತುದಿಗೆ ಹೋಗಿ, ಆಮೇಲೆ ಇಳಿಯುತ್ತಾರೆ. ಟಿವಿಯಲ್ಲಿ ಒಬ್ಬ ಮುನ್ನುಗ್ಗಿದ ಹಾಗೆ ಕಾಣೋದು, ಉಳಿದವರು ಅವನಿಗಿಂತ ಬೇಗ ಇಳಿದಿದ್ದರಿಂದ. ಬಿಗಿ ಹಿಡಿದರೆ ಕಾಲು ಮುಂದೆ ಒಯ್ಯುವ ಸ್ನಾಯುವಿಗೆ ಹಿಂದೆಳೆಯುವ ಸ್ನಾಯು ಅಡ್ಡ ನಿಲ್ಲುತ್ತದೆ. ಬ್ರೇಕ್ ಹಿಡಿದುಕೊಂಡು ಆಕ್ಸಿಲರೇಟರ್ ಒತ್ತಿದ ಹಾಗೆ. ನಾನು ಇಪ್ಪತ್ತೈದು ವರ್ಷ ಮಾಡಿದ್ದು ಅದನ್ನೇ.

ಬಾಬಿಯಿಂದ ಕಲಿಯೋಕೆ ಆಗದೇ ಹೋದದ್ದು ನಿದ್ದೆ. ಅವರು ದಿನಕ್ಕೆ ಹನ್ನೊಂದು ಗಂಟೆ ಮಲಗುತ್ತಿದ್ದರಂತೆ. ನನಗೆ ಇಬ್ಬರು ಮಕ್ಕಳು, ರಾತ್ರಿ ಒಂಬತ್ತೂವರೆಗೆ ಬೆಂಗಳೂರಿನ ಟೀಮ್ ಜೊತೆ ಕಾಲ್. ಏಳು ಗಂಟೆ ಸಿಕ್ಕರೆ ಹಬ್ಬ.

ಡಿಸೆಂಬರ್ ರಜೆಯಲ್ಲಿ ಸೌತ್ ಪಾದ್ರೇ ದ್ವೀಪಕ್ಕೆ ಹೊರಟಾಗ ದಾರಿಯಲ್ಲಿ ಸ್ಯಾನ್ ಬೆನಿಟೋದಲ್ಲಿ ನಿಲ್ಲಿಸಿದೆ. ಮಕ್ಕಳಿಗೆ ಸಮುದ್ರದ ಆತುರ. ಹತ್ತು ನಿಮಿಷ ಮಾತ್ರ ಅಂತ ಒಪ್ಪಂದ. ಹೈಸ್ಕೂಲಿನ ಸ್ಟೇಡಿಯಂಗೆ 2006ರಿಂದ ಬಾಬಿ ಮಾರೋ ಹೆಸರಿದೆ. ಗೇಟಿಗೆ ಬೀಗ. ತಂತಿಬೇಲಿ ಹಿಡಿದುಕೊಂಡು ನೋಡಿದೆ. ಸುತ್ತ ಮಟ್ಟಸವಾದ ನೆಲ, ಒಂದು ದಿಬ್ಬವೂ ಇಲ್ಲ. ಗಾಳಿಗೆ ತಡೆಯೇ ಇಲ್ಲ.

ಅಲ್ಲಿ ನಿಂತಾಗ ನನ್ನನ್ನ ಕಾಡಿದ್ದು ಅವರ ಓಟದ ಬದುಕು ಎಷ್ಟು ಚಿಕ್ಕದು ಅನ್ನೋದು. 1956, 1957 ಎರಡು ವರ್ಷವೂ ರಾಷ್ಟ್ರೀಯ ಕಾಲೇಜು ಚಾಂಪಿಯನ್, ಎರಡು ಸ್ಪ್ರಿಂಟ್‌ಗಳಲ್ಲೂ. 100 ಗಜದ 9.3 ಸೆಕೆಂಡ್ ವಿಶ್ವದಾಖಲೆ ಸರಿಗಟ್ಟಿದ್ದು 1957ರಲ್ಲಿ. ಅಬಿಲೀನ್‌ನ ಜೊತೆಗಾರರೊಂದಿಗೆ ರಿಲೇಯಲ್ಲಿ ವಿಶ್ವದಾಖಲೆ. ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ 1956ರ ವರ್ಷದ ಕ್ರೀಡಾಪಟು. ಎಲ್ಲಾ ಕಾಲೇಜಿನ ನಾಲ್ಕು ವರ್ಷದಲ್ಲೇ. ಆಗ ಅಮೆಚೂರ್ ನಿಯಮ, ಓಡಿ ಒಂದು ಪೈಸೆ ದುಡಿಯೋ ಹಾಗಿಲ್ಲ. ಈಗಿನ ಕಾಲೇಜು ಓಟಗಾರರಿಗೆ 2021ರಿಂದ ತಮ್ಮ ಹೆಸರು, ಮುಖ ಜಾಹೀರಾತಿಗೆ ಕೊಟ್ಟು ದುಡ್ಡು ಮಾಡೋ ದಾರಿ ತೆರೆದಿದೆ. ಬಾಬಿಗೆ ಡಿಗ್ರಿ ಮುಗಿದ ಮೇಲೆ ಓಟ ಅನ್ನೋದು ಕೈಯಿಂದ ಖರ್ಚು ಮಾಡಿಕೊಳ್ಳುವ ಚಟ. 1960ರ ಆಯ್ಕೆ ಓಟದಲ್ಲಿ ತಂಡಕ್ಕೆ ಬರಲಿಲ್ಲ. ಆದರೂ ಮೀಸಲಿಗೆ ಇರಿ ಅಂತ ಅಭ್ಯಾಸಕ್ಕೆ ಕರೆದರು, ಕೊನೇ ಗಳಿಗೆಯಲ್ಲಿ ರೋಮ್‌ಗೆ ವಿಮಾನದಲ್ಲಿ ಜಾಗ ಇಲ್ಲ ಅಂದರು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆ ನೋವು ಅವರನ್ನ ಬಿಡಲಿಲ್ಲ. ಹೊಲಕ್ಕೆ ಮರಳಿದರು. 2020ರ ಮೇ 30ರಂದು ಸ್ಯಾನ್ ಬೆನಿಟೋದಲ್ಲೇ ತೀರಿಕೊಂಡರು, 84 ವರ್ಷ.

ಮೈಯನ್ನ ಅಷ್ಟು ಚೆನ್ನಾಗಿ ಬಿಟ್ಟು ಓಡಿದ ಮನುಷ್ಯನಿಗೆ ಆ ಒಂದು ವಿಮಾನವನ್ನ ಬಿಡೋಕೆ ಆಗಲಿಲ್ಲ. ನನಗೂ ಆಗುತ್ತಿರಲಿಲ್ಲ.

ಹಾರ್ನ್ ಕೇಳಿಸಿತು. ಹತ್ತು ನಿಮಿಷ ಆಗಿತ್ತು.

ಮುಂದಿನ ಮೇ ತಿಂಗಳು ಮತ್ತೆ ಅದೇ ಟ್ರ್ಯಾಕ್. ಐದನೇ ಲೇನ್. ಬ್ಲಾಕಿನ ಮುಂದಿನ ಪೆಡಲ್ ಗೆರೆಯಿಂದ ಎರಡು ಪಾದ, ಹಿಂದಿನದು ಮೂರು ಪಾದ ದೂರಕ್ಕೆ ಇಟ್ಟೆ. ಹಿಂದಿನ ವರ್ಷವೂ ಹಾಗೇ ಇಟ್ಟಿದ್ದೆ. ಬದಲಾಗಿದ್ದು ಬೆರಳು. ಹಪ್ಪಳ ಇಲ್ಲದಿದ್ದರೂ ಇದೆ ಅಂದುಕೊಂಡೆ. ಅರವತ್ತು ಮೀಟರ್ ಬಂದಾಗ ಒಂದು ಕ್ಷಣ ಹೆದರಿಕೆ ಆಯಿತು. ಕಲ್ಲು ಬೀಳಲಿಲ್ಲ. 12.48 ಸೆಕೆಂಡ್, ನಾಲ್ಕನೇ ಸ್ಥಾನ. ನಲವತ್ತು ದಾಟಿದ ಮೇಲೆ ನನ್ನ ಅತ್ಯುತ್ತಮ ಓಟ.

ರಾತ್ರಿ ನಾನು, ಹೆಂಡತಿ ಸೋಫಾದಲ್ಲಿ ಕೂತು ವಿಡಿಯೋ ನೋಡಿದೆವು. ನಲವತ್ತನೇ ಮೀಟರ್, ಭುಜ ಕೆಳಗಿದೆ. ಅರವತ್ತು, ಎಪ್ಪತ್ತು. ಕೆನ್ನೆ ಜೋಲಿ ಹೊಡೆಯುತ್ತಿದೆ. “ನೋಡು, ದವಡೆ ನೋಡು!” ಅಂತ ಕುಣಿದೆ. ಅವಳು ನೋಡುತ್ತಲೇ ಇದ್ದಳು. ತೊಂಬತ್ತು ಮೀಟರ್ ಹತ್ತಿರ ಪಕ್ಕದ ಲೇನಿನ ಬಿಳಿ ಗಡ್ಡದವರು ನನ್ನ ಹೆಗಲಿಗೆ ಬಂದರು. ಅಲ್ಲಿ ಬೆರಳಿಟ್ಟು ವಿಡಿಯೋ ನಿಲ್ಲಿಸಿದಳು. ಕತ್ತಿನ ನರ ಎದ್ದಿದೆ, ಮುಷ್ಟಿ ಬಿಗಿಯಾಗಿದೆ, ಹಲ್ಲು ಕಚ್ಚಿದ್ದೇನೆ.

“ಬಂದ್ರು ನೋಡಿ ನಿಮ್ಮ ಮೇಷ್ಟ್ರು” ಅಂದಳು.